ಮನೆ ರಿಪೇರಿ ಗುತ್ತಿಗೆದಾರರು: ಆರಿಸುವ ಬಗೆ, ಲೆಕ್ಕ ಬರೆದಿಡುವ ಬಗೆ

ಮೈಸೂರಿನ ನಮ್ಮ ಮನೆಯ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದ ಎರಡನೇ ಮಳೆಗಾಲದಲ್ಲಿ ಮಲಗುವ ಕೋಣೆಯ ಚಾವಣಿಯ ಮೂಲೆಯಲ್ಲಿ ಅಂಗೈಯಗಲದ ಕಂದು ಕಲೆಯೊಂದು ಮೂಡಿತು. ಕೆಲಸ ಮಾಡಿದ್ದ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಯಾವ ತಕರಾರೂ ಇಲ್ಲದೆ ಮರುದಿನ ಬೆಳಿಗ್ಗೆಯೇ ಬಂದರು. ತಾರಸಿಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಮೇಲಿನ ಪದರವನ್ನು ಉಗುರಿನಿಂದ ಕೆರೆದು ನೋಡಿ, "ಹೋದ ಸಲ ಯಾವ ಕೆಮಿಕಲ್ ಹಾಕಿದ್ವಿ ಸಾರ್, ಎಷ್ಟು ಕೋಟು?" ಎಂದು ನನ್ನನ್ನೇ ಕೇಳಿದರು. ನನಗೆ ಗೊತ್ತಿರಲಿಲ್ಲ. ಡಬ್ಬಗಳು ಗುಜರಿಗೆ ಹೋಗಿದ್ದವು, ಅಂಗಡಿಯವರು ಕೊಟ್ಟಿದ್ದು ಕಚ್ಚಾ ಬಿಲ್ಲು, ಅದೂ ಸಿಗಲಿಲ್ಲ. ಹಳೆಯ ಪದರಕ್ಕೆ ಹೊಂದಿಕೊಳ್ಳುವ ವಸ್ತು ಯಾವುದೆಂದು ತಿಳಿಯದ ಕಾರಣ ಇಡೀ ತಾರಸಿಯನ್ನು ಕೆರೆದು ಹೊಸದಾಗಿ ಮಾಡಿಸಬೇಕಾಯಿತು.

ಅಲ್ಲಿ ಮೋಸ ಮಾಡಿದವರು ಯಾರೂ ಇರಲಿಲ್ಲ. ಕೆಲಸದ ವಿವರ ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಮನೆ ರಿಪೇರಿಯಲ್ಲಿ ಹಣ ಕಳೆದುಕೊಂಡವರ ಕಥೆಗಳನ್ನು ಕೇಳುವಾಗಲೆಲ್ಲ ನನಗೆ ಇದೇ ಕಾಣಿಸಿದೆ: ಕೆಟ್ಟ ಗುತ್ತಿಗೆದಾರರಿಂದ ಆಗುವ ನಷ್ಟಕ್ಕಿಂತ ಒಳ್ಳೆಯವರ ಜೊತೆಗೇ ಬಾಯಿಮಾತಿನಲ್ಲಿ ನಡೆದ ವ್ಯವಹಾರದಿಂದ ಆಗುವ ನಷ್ಟ ಹೆಚ್ಚು. ಆದ್ದರಿಂದ ಯಾರನ್ನು ಕರೆಯಬೇಕು ಎಂಬ ಪ್ರಶ್ನೆಗಿಂತ ಮೊದಲು, ಎಲ್ಲಿ ಬರೆಯಬೇಕು ಎಂಬುದನ್ನು ಹೇಳುತ್ತೇನೆ.

ಮನೆಗೊಂದು ದಾಖಲೆ ಪುಸ್ತಕ

ಗಟ್ಟಿ ರಟ್ಟಿನ, 200 ಪುಟದ ಉದ್ದ ನೋಟ್‌ಬುಕ್ ಒಂದನ್ನು ತಂದು, ಹಿಂಬದಿಯ ರಟ್ಟಿಗೆ ದೊಡ್ಡ ಲಕೋಟೆಯೊಂದನ್ನು ಅಂಟಿಸಿ. ಬಿಲ್ಲು, ವಾರಂಟಿ ಕಾರ್ಡು, ಅಂದಾಜು ಪಟ್ಟಿಗಳೆಲ್ಲ ಆ ಲಕೋಟೆಗೆ ಹೋಗಲಿ. ಫೋನಿನಲ್ಲಿಯೇ ಎಲ್ಲವನ್ನೂ ಇಟ್ಟುಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಫೋನು ಬದಲಾಗುತ್ತದೆ, ವಾಟ್ಸ್ಆ್ಯಪ್ ಸಂದೇಶಗಳು ಅಳಿಸಿಹೋಗುತ್ತವೆ, ಮನೆಯಲ್ಲಿರುವ ಹಿರಿಯರಿಗೆ ಬೇಕಾದ ಹೊತ್ತಿಗೆ ಅದು ಸಿಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಣ ಪಡೆದವರು ಫೋನಿನಲ್ಲಿ ಸಹಿ ಹಾಕುವುದಿಲ್ಲ, ಪುಸ್ತಕದಲ್ಲಿ ಹಾಕುತ್ತಾರೆ. ಫೋಟೊಗಳಿಗೆ ಮಾತ್ರ ಫೋನು ಬೇಕು. ಅವನ್ನು ವರ್ಷ ಮತ್ತು ಕೆಲಸದ ಹೆಸರಿನ ಫೋಲ್ಡರ್‌ನಲ್ಲಿಟ್ಟು, ಇನ್ನೊಂದು ಕಡೆ ಪ್ರತಿ ಮಾಡಿಕೊಳ್ಳಿ.

ಮೊದಲ ಕೆಲವು ಪುಟಗಳು ಮನೆಯದ್ದೇ ಆಗಿರಲಿ. ಕಟ್ಟಿದ ವರ್ಷ, ತಾರಸಿಯ ವಿಸ್ತೀರ್ಣ, ಸಂಪಿನ ಮತ್ತು ಮೇಲಿನ ಟ್ಯಾಂಕಿನ ಸಾಮರ್ಥ್ಯ, ವಿದ್ಯುತ್ ಬಿಲ್ಲಿನಲ್ಲಿರುವ ಆರ್‌.ಆರ್‌. ಸಂಖ್ಯೆ ಮತ್ತು ಮಂಜೂರಾದ ಲೋಡು, ಪ್ರತಿ ಕೋಣೆಯ ಬಣ್ಣದ ಶೇಡ್ ಸಂಖ್ಯೆ, ಯಾವ ವಾಲ್ವ್ ತಿರುಗಿಸಿದರೆ ಯಾವ ಬಚ್ಚಲಿನ ನೀರು ನಿಲ್ಲುತ್ತದೆ ಎಂಬ ವಿವರ ಅಲ್ಲಿರಬೇಕು. ಗೋಡೆ ಒಡೆದು ಪೈಪನ್ನೋ ವೈರಿನ ಕೊಳವೆಯನ್ನೋ ಹಾಕಿಸುವಾಗ, ಗಿಲಾವು ಮುಚ್ಚುವ ಮುನ್ನ, ಅಳತೆ ಟೇಪನ್ನು ನೆಲದಿಂದ ಹಿಡಿದು ಫೋಟೊ ತೆಗೆದುಕೊಳ್ಳಿ. ಮುಂದೆಂದೋ ಗೋಡೆಗೆ ಮೊಳೆ ಹೊಡೆಯುವ ದಿನ ಆ ಫೋಟೊ ಉಪಕಾರಕ್ಕೆ ಬರುತ್ತದೆ.

ಅನಂತರ ಒಬ್ಬೊಬ್ಬ ಕೆಲಸಗಾರರಿಗೆ ಒಂದೊಂದು ಪುಟ. ಹೆಸರು, ಫೋನ್ ಸಂಖ್ಯೆ, ಯಾರ ಮೂಲಕ ಬಂದರು, ಯಾವ ಕೆಲಸ, ಯಾವ ದಿನಾಂಕ, ಒಪ್ಪಿದ ಮೊತ್ತ, ಕೊನೆಗೆ ಆದ ಮೊತ್ತ, ಹೇಳಿದ ದಿನಕ್ಕೆ ಬಂದರೇ, ಕಸ ತೆಗೆದು ಹೋದರೇ ಎಂಬಿಷ್ಟು ಸಾಕು. ಇವುಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಒಂದು ಸಾಲಿಗೆ: ಹಣ ಪೂರ್ತಿ ಸಂದಾಯವಾದ ಮೇಲೆ ಏನೋ ತೊಂದರೆಯಾಗಿ ಕರೆದಾಗ ಅವರು ಬಂದರೇ ಇಲ್ಲವೇ.

ರೋಗ ಬೇರೆ, ಮದ್ದು ಬೇರೆ

ಯಾರನ್ನಾದರೂ ಕರೆಯುವ ಮೊದಲು ತೊಂದರೆಯನ್ನು ನೀವೇ ಬರೆದುಕೊಳ್ಳಿ. "ತಾರಸಿಗೆ ವಾಟರ್‌ಪ್ರೂಫಿಂಗ್ ಆಗಬೇಕು" ಎಂದು ಬರೆದರೆ ಅದು ಮದ್ದು. "ಅಡುಗೆಮನೆಯ ಪೂರ್ವದ ಗೋಡೆಯಲ್ಲಿ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ಮಳೆ ಇಲ್ಲದ ದಿನವೂ ಥಂಡಿ ಇರುತ್ತದೆ" ಎಂದು ಬರೆದರೆ ಅದು ರೋಗಲಕ್ಷಣ. ಮದ್ದಿನ ಹೆಸರು ಹೇಳಿ ಕರೆದರೆ ಬಂದವರು ಅದಕ್ಕೆ ದರ ಹೇಳಿ ಹೋಗುತ್ತಾರೆ, ಲಕ್ಷಣ ಹೇಳಿದರೆ ಕಾರಣ ಹುಡುಕುತ್ತಾರೆ. ಮಳೆ ಇಲ್ಲದಿದ್ದರೂ ಒದ್ದೆ ಆರದಿದ್ದರೆ ಗೋಡೆಯೊಳಗಿನ ಪೈಪನ್ನು ಅನುಮಾನಿಸಬೇಕು. ರಾತ್ರಿ ಮಲಗುವಾಗ ಟ್ಯಾಂಕಿಗೆ ನೀರು ಬರುವ ದಾರಿ ನಿಲ್ಲಿಸಿ, ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ, ಯಾರೂ ನೀರು ಬಳಸದೆ ಬೆಳಿಗ್ಗೆ ನೋಡಿದರೆ ಪೈಪು ಸೋರುತ್ತಿದೆಯೇ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಈ ಪರೀಕ್ಷೆಗೆ ಒಂದು ರೂಪಾಯಿಯೂ ಖರ್ಚಿಲ್ಲ.

ಬಿಲ್ಡರ್‌ನಿಂದ ಫ್ಲ್ಯಾಟ್ ಕೊಂಡವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ರೇರಾ ಕಾಯ್ದೆ, ಅಂದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಪಡೆದ ದಿನದಿಂದ 5 ವರ್ಷದೊಳಗೆ ರಚನೆಯ ಅಥವಾ ಕಾಮಗಾರಿಯ ದೋಷ ಕಂಡುಬಂದು, ಅದನ್ನು ಬಿಲ್ಡರ್‌ನ ಗಮನಕ್ಕೆ ತಂದರೆ, 30 ದಿನಗಳೊಳಗೆ ಪ್ರತ್ಯೇಕ ಹಣ ಪಡೆಯದೆ ಸರಿಪಡಿಸುವ ಹೊಣೆ ಬಿಲ್ಡರ್‌ನದ್ದು. ಸ್ವಂತ ಖರ್ಚಿನಲ್ಲಿ ಬೇರೊಬ್ಬರಿಂದ ಕೆಲಸ ಶುರು ಮಾಡಿಸುವ ಮುನ್ನ ಸ್ವಾಧೀನ ಪತ್ರದ ದಿನಾಂಕವನ್ನು ತೆಗೆದು ನೋಡಿ.

ಹುಡುಕುವುದು ಮತ್ತು ವಿಚಾರಿಸುವುದು

ಮೇಸ್ತ್ರಿ ಎನ್ನಿ, ಉತ್ತರ ಕರ್ನಾಟಕದಲ್ಲಿ ಕರೆಯುವಂತೆ ಗವಂಡಿ ಎನ್ನಿ, ಒಳ್ಳೆಯವರು ಸಿಗುವುದು ಹೆಚ್ಚಾಗಿ ಬಾಯಿಂದ ಬಾಯಿಗೆ ಹರಡಿದ ಹೆಸರಿನಿಂದಲೇ. ನೆರೆಹೊರೆಯವರನ್ನು ಕೇಳಿ, ಅಪಾರ್ಟ್‌ಮೆಂಟ್ ಆದರೆ ಸಂಘದ ಕಚೇರಿಯಲ್ಲಿ ಕೇಳಿ. ಹಾರ್ಡ್‌ವೇರ್ ಅಂಗಡಿಯವರಿಗೆ ಯಾರು ಸಾಲ ಸರಿಯಾಗಿ ತೀರಿಸುತ್ತಾರೆ, ಯಾರ ಕೆಲಸ ಅರ್ಧಕ್ಕೆ ನಿಂತಿದೆ ಎಂಬುದೆಲ್ಲ ತಿಳಿದಿರುತ್ತದೆ. ಆದರೆ ಕೆಲವು ಕಡೆ ಅಂಗಡಿಗೂ ಕೆಲಸಗಾರರಿಗೂ ಕಮಿಷನ್ ವ್ಯವಹಾರ ಇರುತ್ತದೆಯಾದ್ದರಿಂದ, ಅಂಗಡಿಯವರು ಕೊಟ್ಟ ಹೆಸರನ್ನು ಇನ್ನೊಂದು ಕಡೆಯಿಂದಲೂ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಹೆಸರು ಸಿಕ್ಕ ಮೇಲೆ ಅವರು ಹಿಂದೆ ಮಾಡಿದ ಎರಡು ಮನೆಗಳ ವಿಳಾಸ ಕೇಳಿ: ಒಂದು ಇತ್ತೀಚಿನದು, ಇನ್ನೊಂದು ಕನಿಷ್ಠ ಒಂದು ಮಳೆಗಾಲ ಕಳೆದದ್ದು. ಮೊನ್ನೆ ಮುಗಿದ ತಾರಸಿ ಯಾರು ಮಾಡಿದರೂ ಚೆನ್ನಾಗಿಯೇ ಕಾಣುತ್ತದೆ. ಆ ಮನೆಯವರನ್ನು "ಕೆಲಸ ಹೇಗಿತ್ತು?" ಎಂದು ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹೇಳಿದ ಮೊತ್ತಕ್ಕೂ ಕೊನೆಗೆ ಕೊಟ್ಟ ಮೊತ್ತಕ್ಕೂ ಎಷ್ಟು ವ್ಯತ್ಯಾಸ ಬಂತು, ಮಧ್ಯದಲ್ಲಿ ಎಷ್ಟು ದಿನ ಕೆಲಸ ನಿಂತಿತ್ತು, ಮೇಸ್ತ್ರಿ ತಾವೇ ಬರುತ್ತಿದ್ದರೋ ಬೇರೆಯವರನ್ನು ಕಳಿಸುತ್ತಿದ್ದರೋ, ಮುಗಿದ ಮೇಲೆ ಕರೆದಾಗ ಬಂದರೋ ಎಂದು ಕೇಳಿ. ಸಾಧ್ಯವಾದರೆ ಈಗ ನಡೆಯುತ್ತಿರುವ ಅವರ ಕೆಲಸದ ಜಾಗಕ್ಕೂ ಹತ್ತು ನಿಮಿಷ ಹೋಗಿಬನ್ನಿ. ರಸಮಟ್ಟ, ತೂಕದ ಗುಂಡು ಹಿಡಿದು ಕೆಲಸ ಮಾಡುತ್ತಾರೋ ಕಣ್ಣಂದಾಜಿನಲ್ಲಿಯೋ, ಮರಳನ್ನು ಜರಡಿ ಹಿಡಿಯುತ್ತಾರೋ, ನಿನ್ನೆಯ ಗಾರೆಗೆ ನೀರು ಹೊಡೆದಿದ್ದಾರೋ, ಎತ್ತರದಲ್ಲಿ ನಿಂತ ಆಳುಗಳಿಗೆ ಸಾರವೆ ಭದ್ರವಾಗಿದೆಯೋ ಎಂಬುದನ್ನು ಕಣ್ಣಾರೆ ಕಂಡರೆ ಮಾತಿನ ಅಗತ್ಯವೇ ಇರುವುದಿಲ್ಲ.

ವಿದ್ಯುತ್ ಕೆಲಸದಲ್ಲಿ ಮಾತ್ರ ಬಾಯಿಮಾತಿನ ಶಿಫಾರಸು ಸಾಲದು. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯವು ಗುತ್ತಿಗೆದಾರರಿಗೆ ಲೈಸೆನ್ಸನ್ನೂ ವೈರ್‌ಮನ್‌ಗಳಿಗೆ ಪರ್ಮಿಟ್ಟನ್ನೂ ಕೊಡುತ್ತದೆ. ಅದನ್ನು ಕೇಳಿ ನೋಡಿ, ಸಂಖ್ಯೆಯನ್ನೂ ಅವಧಿ ಮುಗಿಯುವ ದಿನವನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ಫ್ಯಾನ್ ಬದಲಿಸಲು ಇಷ್ಟೆಲ್ಲ ಬೇಡ, ಮನೆಯ ವೈರಿಂಗನ್ನೇ ಬದಲಿಸುವುದಾದರೆ ಬೇಕೇ ಬೇಕು.

ಜಿಎಸ್‌ಟಿ ವಿಚಾರದಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆ ಇದೆ. ಸಾಮಾನ್ಯವಾಗಿ ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಸೇವೆ ಒದಗಿಸುವವರಿಗೆ ನೋಂದಣಿ ಕಡ್ಡಾಯವಲ್ಲ, ಆದ್ದರಿಂದ ಸಂಖ್ಯೆ ಇಲ್ಲದ ಸಣ್ಣ ಮೇಸ್ತ್ರಿಯನ್ನು ಅನುಮಾನಿಸಬೇಕಿಲ್ಲ. ಆದರೆ ಸಂಖ್ಯೆ ಇಲ್ಲದೆ ಬಿಲ್ಲಿನಲ್ಲಿ ತೆರಿಗೆ ಸೇರಿಸಿದರೆ ಅದನ್ನು ಕೊಡಬೇಕಾಗಿಲ್ಲ. ಸಂಖ್ಯೆ 15 ಅಕ್ಷರಗಳದ್ದು. ಕರ್ನಾಟಕದ್ದಾದರೆ 29ರಿಂದ ಆರಂಭವಾಗುತ್ತದೆ, ಮುಂದಿನ ಹತ್ತು ಅಕ್ಷರಗಳು ಪ್ಯಾನ್ ಸಂಖ್ಯೆ. ಜಿಎಸ್‌ಟಿ ಜಾಲತಾಣದಲ್ಲಿ ಅದನ್ನು ಹಾಕಿ ನೋಡಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದು ಉಚಿತವಾಗಿ ತಿಳಿಯುತ್ತದೆ.

ಗುರುತಿನ ಚೀಟಿ ಕೇಳುವಾಗ ಒಂದು ಮಾತನ್ನು ನೆನಪಿಡಿ. ಕೆಲಸಗಾರರ ಆಧಾರ್ ಕಾರ್ಡಿನ ಪೂರ್ತಿ ಪ್ರತಿ ನಮ್ಮ ಮನೆಯಲ್ಲಿ ಬಿದ್ದಿರುವ ಅಗತ್ಯವಿಲ್ಲ. ಮುಖ್ಯ ಗುತ್ತಿಗೆದಾರರ ಗುರುತಿನ ಚೀಟಿಯನ್ನು ನೋಡಿ ಹೆಸರು, ಊರು ಬರೆದುಕೊಂಡರೆ ಸಾಕು. ಪ್ರತಿ ಬೇಕೆಂದರೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವಂತಿರುವುದನ್ನು ಅವರ ಒಪ್ಪಿಗೆಯಿಂದ ಪಡೆಯಿರಿ. ಅವರ ಮಾಹಿತಿಯನ್ನು ನಾವು ಜತನ ಮಾಡಿದರೆ ನಮ್ಮ ಮನೆಯನ್ನು ಅವರೂ ಜತನ ಮಾಡುತ್ತಾರೆ.

ದರಪಟ್ಟಿಯನ್ನು ಓದುವುದು

ಮೂವರಿಂದ ಅಂದಾಜು ಪಡೆಯಿರಿ, ಆದರೆ ಮೂವರಿಗೂ ನೀವು ಬರೆದ ಅದೇ ಹಾಳೆಯನ್ನು ಕೊಟ್ಟು ಪಡೆಯಿರಿ. ಇಲ್ಲವಾದರೆ ಒಬ್ಬರ ದರದಲ್ಲಿ ಸಾಮಾನು ಸೇರಿರುತ್ತದೆ, ಇನ್ನೊಬ್ಬರದ್ದು ಬರೀ ಲೇಬರ್ ಆಗಿರುತ್ತದೆ, ಮೂರನೆಯವರು ಹಳೆಯದನ್ನು ಕಿತ್ತು ಸಾಗಿಸುವ ಖರ್ಚನ್ನು ಬಿಟ್ಟಿರುತ್ತಾರೆ, ಹೋಲಿಸಲು ಆಗುವುದೇ ಇಲ್ಲ.

ಅಳತೆಯ ಮಾತಿನಲ್ಲಿ ಬಹಳ ಎಚ್ಚರ ಬೇಕು. ನಮ್ಮಲ್ಲಿ ಕಟ್ಟಡ ಕೆಲಸದವರು ಒಂದು ಚದರ ಎಂದರೆ 100 ಚದರಡಿ. "ಅಡಿಗೆ ಇಷ್ಟು" ಎಂದಾಗ ಅದು ಚದರಡಿಯೋ ಉದ್ದದ ರನ್ನಿಂಗ್ ಅಡಿಯೋ ಎಂದು ಕೇಳಿ ಬರೆದುಕೊಳ್ಳಿ. ಗಿಲಾವು ಮತ್ತು ಬಣ್ಣದ ಕೆಲಸದಲ್ಲಿ ಕಿಟಕಿ ಬಾಗಿಲುಗಳ ಜಾಗವನ್ನು ಕಳೆಯುತ್ತಾರೋ ಇಲ್ಲವೋ ಎಂಬುದು ಸಾವಿರಾರು ರೂಪಾಯಿಗಳ ಪ್ರಶ್ನೆ. ಎರಡೂ ಪದ್ಧತಿಗಳು ಚಾಲ್ತಿಯಲ್ಲಿವೆ, ಎರಡರಲ್ಲೂ ತಪ್ಪಿಲ್ಲ, ಆದರೆ ಅಳತೆ ಟೇಪು ಹಿಡಿಯುವ ದಿನ ಅದು ಹೊಸ ವಿಷಯವಾಗಬಾರದು.

"ಒಳ್ಳೆ ಕ್ವಾಲಿಟಿ", "ಕಂಪನಿ ಮಾಲು" ಎಂಬ ಪದಗಳಿಗೆ ದರಪಟ್ಟಿಯಲ್ಲಿ ಅರ್ಥವಿಲ್ಲ. ಸಿಮೆಂಟಿನ ಬ್ರ್ಯಾಂಡು ಮತ್ತು ಗ್ರೇಡು, ಗಾರೆಯಲ್ಲಿ ಸಿಮೆಂಟಿಗೆ ಮರಳಿನ ಪ್ರಮಾಣ, ಎಂ-ಸ್ಯಾಂಡ್ ಆದರೆ ಗಿಲಾವಿಗೆ ಬೇರೆಯಾಗಿ ಸಿಗುವ ನಯದ ಪಿ-ಸ್ಯಾಂಡ್ ಬಳಸುತ್ತಾರೋ ಎಂಬುದು, ಬಣ್ಣದ ಹೆಸರು ಮತ್ತು ಎಷ್ಟು ಕೋಟು, ವೈರಿನ ದಪ್ಪ ಇವೆಲ್ಲ ಬರಹದಲ್ಲಿರಲಿ. ಗೀಸರಿಗೆ 4 ಚದರ ಮಿಲಿಮೀಟರ್ ವೈರು ಎಂದು ಬರೆಸಿದ್ದರೆ 2.5ರದ್ದನ್ನು ಎಳೆದಾಗ ಕೇಳಲು ಬಾಯಿ ಇರುತ್ತದೆ. ಮೂವರಲ್ಲಿ ಒಬ್ಬರ ದರ ಉಳಿದಿಬ್ಬರಿಗಿಂತ ತೀರ ಕಡಿಮೆ ಇದ್ದರೆ, ಅವರು ಯಾವ ಸಾಲನ್ನು ಬಿಟ್ಟಿದ್ದಾರೆ ಎಂದು ಹುಡುಕಿ. ಅದು ಸಿಗುವವರೆಗೆ ಮುಂಗಡ ಕೊಡಬೇಡಿ.

ಒಂದು ಪುಟದ ಒಪ್ಪಂದ

ಬಾಯಿಮಾತಿನ ಒಪ್ಪಂದಕ್ಕೂ 1872ರ ಭಾರತೀಯ ಕರಾರು ಕಾಯ್ದೆಯಡಿ ಮಾನ್ಯತೆ ಇದೆ. ಕಷ್ಟ ಬರುವುದು ಅದನ್ನು ಸಾಬೀತುಪಡಿಸುವಾಗ. ವಕೀಲರ ಭಾಷೆ ಬೇಕಿಲ್ಲ, ಇಬ್ಬರಿಗೂ ಓದಲು ಬರುವ ಭಾಷೆಯಲ್ಲಿ ಒಂದು ಪುಟ ಬರೆದು ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಕನ್ನಡ ಓದಲು ಬಾರದ ಗುತ್ತಿಗೆದಾರರಾದರೆ ಅವರ ಮಗನೋ ಜೊತೆಗಾರನೋ ಓದಿ ಹೇಳಲಿ, ನಂತರ ಸಹಿಯಾಗಲಿ. ಕೆಲಸದ ವಿವರ, ಸಾಮಾನು ಯಾರದ್ದು, ಒಟ್ಟು ಮೊತ್ತ, ಕಂತುಗಳು, ಆರಂಭ ಮತ್ತು ಮುಕ್ತಾಯದ ದಿನ, ಕಸ ಸಾಗಿಸುವ ಹೊಣೆ, ಕೆಲಸದ ವೇಳೆ ಯಾರಿಗಾದರೂ ಪೆಟ್ಟಾದರೆ ವಿಮೆಯೋ ಖರ್ಚೋ ಯಾರ ಪಾಲಿಗೆ, ಎಷ್ಟು ಅವಧಿಯ ಗ್ಯಾರಂಟಿ ಮತ್ತು ಯಾವುದಕ್ಕೆ ಎಂಬುದು ಅದರಲ್ಲಿರಬೇಕು.

ಕಂತುಗಳನ್ನು ದಿನಾಂಕಕ್ಕೆ ಕಟ್ಟಬೇಡಿ, ಕೆಲಸದ ಹಂತಕ್ಕೆ ಕಟ್ಟಿ. ಲೇಬರ್ ಗುತ್ತಿಗೆಗೆ ಹತ್ತನೇ ಒಂದು ಭಾಗದ ಮುಂಗಡ ಸಾಕೆಂಬುದು ನನ್ನ ಅನುಭವ, ಸಾಮಾನೂ ಅವರದ್ದೇ ಆದರೆ ಮೊದಲ ಲೋಡು ಬಂದಿಳಿದಾಗ ಅದರ ಹಣ ಕೊಡಬಹುದು. ಆದರೆ ಗಾರೆ ಕೆಲಸದಲ್ಲಿ ಶನಿವಾರದ ಬಟವಾಡೆ ಎಂಬುದೊಂದಿದೆ. ವಾರವಿಡೀ ದುಡಿದ ಆಳುಗಳು ಆ ಸಂಜೆ ಕೂಲಿಗೆ ಕಾಯುತ್ತಿರುತ್ತಾರೆ, ಮೇಸ್ತ್ರಿಯ ಕೈಯಲ್ಲಿ ಹಣವಿಲ್ಲದಿದ್ದರೆ ಸೋಮವಾರ ಅವರು ಬೇರೆ ಕಡೆ ಹೋಗುತ್ತಾರೆ. ಆದ್ದರಿಂದ ಹಂತದ ಕಂತುಗಳ ನಡುವೆ, ಆ ವಾರ ಆದ ಕೆಲಸಕ್ಕೆ ತಕ್ಕಷ್ಟು ಮೊತ್ತವನ್ನು ಶನಿವಾರ ಮಧ್ಯಾಹ್ನವೇ ಕೊಟ್ಟು, ಮುಂದಿನ ಕಂತಿನಲ್ಲಿ ಕಳೆದುಕೊಳ್ಳುವ ಏರ್ಪಾಟನ್ನು ಒಪ್ಪಂದದಲ್ಲಿಯೇ ಬರೆಯಿರಿ. ಕೊನೆಯ ಹತ್ತನೇ ಭಾಗವನ್ನು ಪರೀಕ್ಷೆ ಮುಗಿಯುವವರೆಗೆ ಉಳಿಸಿಕೊಳ್ಳಬೇಕು. ಆದರೆ ಕೂಲಿಯ ಹಣವನ್ನು ಪಟ್ಟಾಗಿ ಹಿಡಿದಿಡಬಾರದು, ಆ ಹಿಡಿತಕ್ಕೆ ಸಿಲುಕುವುದು ಮೇಸ್ತ್ರಿಯಲ್ಲ, ಆಳುಗಳು.

ಜಗಳಗಳು ಹುಟ್ಟುವುದು ಹೆಚ್ಚಾಗಿ ಹೆಚ್ಚುವರಿ ಕೆಲಸದಿಂದ. "ಹಾಗೇ ಆ ಸಿಂಕನ್ನೂ ಎರಡಂಗುಲ ಎತ್ತರಿಸಿಬಿಡಿ" ಎಂದು ನಾವು ಹೇಳುತ್ತೇವೆ, ಅವರು "ಆಯ್ತು" ಎನ್ನುತ್ತಾರೆ, ನಮ್ಮ ಲೆಕ್ಕದಲ್ಲಿ ಅದು ಪುಕ್ಕಟೆ, ಅವರ ಲೆಕ್ಕದಲ್ಲಿ ಒಂದು ದಿನದ ಕೂಲಿ. ಪುಸ್ತಕದಲ್ಲಿ ಹೆಚ್ಚುವರಿ ಕೆಲಸಕ್ಕೆಂದೇ ಒಂದು ಪುಟ ಬಿಡಿ. ಏನು, ಎಷ್ಟು ಎಂದು ಬರೆದು ಸಹಿಯಾದ ಮೇಲೆಯೇ ಆ ಕೆಲಸ ಶುರುವಾಗಲಿ.

ದಿನದ ಬರಹ

ಎರಡನೇ ಸಲ ತಾರಸಿ ಮಾಡಿಸಿದಾಗಿನ ನನ್ನ ಪುಸ್ತಕದ ಒಂದು ದಿನ ಹೀಗಿದೆ: "9 ಮಾರ್ಚ್ 2024, ಶನಿವಾರ. ಮೇಸ್ತ್ರಿ, ಇಬ್ಬರು ಗಾರೆಯವರು, ಮೂವರು ಆಳು. ಸಿಮೆಂಟ್ 4 ಚೀಲ ಬಳಕೆ, 3 ಉಳಿದಿದೆ. ಚೀಲದ ಮೇಲಿನ ವಾರ 7. ಪ್ಯಾರಾಪೆಟ್ ಬುಡಕ್ಕೆ ಸುತ್ತಲೂ ಗೋಲಾಯಿ (ಗೋಡೆ, ನೆಲ ಕೂಡುವ ಮೂಲೆಗೆ ದುಂಡನೆಯ ಗಾರೆ) ಕಟ್ಟಿದರು, ಪಶ್ಚಿಮದ ಮೂಲೆ ಬಾಕಿ. ನೀರಿಳಿಯುವ ಪೈಪಿನ ಬಾಯಿ ಒಡೆದಿತ್ತು, ಬದಲಿಸಿದರು, ಹೆಚ್ಚುವರಿ ಪುಟದಲ್ಲಿ ಬರೆದಿದೆ. ಬಟವಾಡೆಗೆ ಯುಪಿಐ ಮೂಲಕ ಕೊಟ್ಟಿದ್ದೇನೆ." ಬರೆಯಲು ಐದು ನಿಮಿಷವೂ ಹಿಡಿಯಲಿಲ್ಲ.

ಚೀಲದ ವಾರವನ್ನು ಬರೆಯುವುದಕ್ಕೆ ಕಾರಣವಿದೆ. 50 ಕಿಲೋ ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಗಾಳಿಯ ತೇವ ಹೀರುತ್ತ ಸಿಮೆಂಟಿನ ಶಕ್ತಿ ಕುಂದುತ್ತದೆ, ಮೂರು ತಿಂಗಳು ಮೀರಿದ ಚೀಲವನ್ನು ಪರೀಕ್ಷಿಸದೆ ಬಳಸಬಾರದು. ಕೆಮಿಕಲ್ ಡಬ್ಬಗಳ ವಿಷಯವೂ ಹಾಗೆಯೇ: ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಕಾಣುವಂತೆ ಡಬ್ಬ ತೆರೆಯುವ ಮುನ್ನ ಫೋಟೊ ತೆಗೆಯಿರಿ.

ಹಣವನ್ನು ಸಾಧ್ಯವಾದಷ್ಟೂ ಯುಪಿಐ ಅಥವಾ ಬ್ಯಾಂಕಿನ ಮೂಲಕ ಕೊಡಿ, ಟಿಪ್ಪಣಿಯ ಜಾಗದಲ್ಲಿ "ತಾರಸಿ 2ನೇ ಕಂತು" ಎಂದು ಬರೆಯಿರಿ, 12 ಅಂಕಿಯ ವಹಿವಾಟು ಸಂಖ್ಯೆಯನ್ನು ಪುಸ್ತಕಕ್ಕೆ ಇಳಿಸಿ. ನಗದು ಕೊಟ್ಟರೆ ಕೊಟ್ಟದ್ದು, ಈವರೆಗಿನ ಒಟ್ಟು, ಬಾಕಿ ಮೂರನ್ನೂ ಬರೆದು ಸಹಿ ಪಡೆಯಿರಿ. ಮೋಟರು, ಗೀಸರು, ನಲ್ಲಿಗಳಿಗೆ ಪಕ್ಕಾ ಬಿಲ್ಲೇ ಇರಲಿ, ಕಚ್ಚಾ ಬಿಲ್ಲಿನಿಂದ ವಾರಂಟಿ ಕೇಳಲಾಗದು. ಇನ್ನೊಂದು ಪ್ರಯೋಜನವನ್ನು ಹಲವರು ಗಮನಿಸುವುದಿಲ್ಲ: ಮುಂದೆ ಮನೆ ಮಾರುವಾಗ ಬಂಡವಾಳ ಲಾಭದ ತೆರಿಗೆ ಲೆಕ್ಕದಲ್ಲಿ, ಹೊಸ ಕೋಣೆ ಕಟ್ಟಿಸಿದಂಥ ಅಭಿವೃದ್ಧಿಯ ಖರ್ಚನ್ನು ಕಳೆಯಲು ಅವಕಾಶವಿದೆ. ಸುಣ್ಣ ಬಣ್ಣದಂಥ ಮಾಮೂಲು ರಿಪೇರಿಗೆ ಅದು ಸಿಗುವುದಿಲ್ಲ. ಆದ್ದರಿಂದ ದೊಡ್ಡ ಕೆಲಸಗಳ ಬಿಲ್ಲುಗಳನ್ನು ಮನೆ ನಿಮ್ಮದಾಗಿರುವವರೆಗೂ ಇಡಿ.

ಮಕ್ಕಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದು, ಊರಿನ ಮನೆಯಲ್ಲಿ ತಂದೆತಾಯಿ ಮಾತ್ರ ಇರುವ ಕುಟುಂಬಗಳಲ್ಲಿ ಹಣ ಅಲ್ಲಿಂದ ಬರುತ್ತದೆ, ಕೆಲಸ ಇಲ್ಲಿ ನಡೆಯುತ್ತದೆ. ಅಂಥವರು ಪುಸ್ತಕದ ಪುಟದ ಫೋಟೊವನ್ನು ದಿನವೂ ಸಂಜೆ ತರಿಸಿಕೊಂಡು, ಅದನ್ನು ನೋಡಿದ ಮೇಲೆಯೇ ಕಂತು ಕಳಿಸುವ ಕ್ರಮ ಇಟ್ಟುಕೊಳ್ಳಬಹುದು.

ಮುಗಿಯಿತು ಎಂದಾಗ

ತಾರಸಿಯ ಕೆಲಸವಾದರೆ ನೀರಿಳಿಯುವ ಪೈಪುಗಳ ಬಾಯಿ ಮುಚ್ಚಿ, ಎರಡಂಗುಲ ನೀರು ನಿಲ್ಲಿಸಿ, 48 ಗಂಟೆ ಬಿಡಿ. ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗುರುತು ಹಾಕಿ. ಬಿಸಿಲಿಗೆ ಆವಿಯಾದದ್ದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು, ತಾರಸಿಯಲ್ಲಿ ಹೆಚ್ಚು ಇಳಿದಿದ್ದರೆ ನೀರು ಬೇರೆಲ್ಲೋ ಹೋಗುತ್ತಿದೆ. ಮರದ ತೊಲೆಗಳ ಮೇಲೆ ಇಟ್ಟಿಗೆ ಗಾರೆ ಹಾಕಿದ ಹಳೆಯ ಮದ್ರಾಸ್ ತಾರಸಿಯ ಮೇಲೆ ಮಾತ್ರ ಈ ಪರೀಕ್ಷೆ ಬೇಡ, ಅದಕ್ಕೆ ಆ ಭಾರ ಅಪಾಯ. ಬಚ್ಚಲಿನ ನೆಲಕ್ಕೂ ಟೈಲ್ಸ್ ಕೂರಿಸುವ ಮುನ್ನ ಹೀಗೆಯೇ ನೀರು ನಿಲ್ಲಿಸಿ ನೋಡಿ. ವೈರಿಂಗ್ ಆದರೆ, ಕರೆಂಟು ಸೋರಿದಾಗ ತಾನೇ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ನಿಮ್ಮ ಕೈಯಿಂದಲೇ ಒತ್ತಿ, ಕರೆಂಟು ಕಡಿಯುತ್ತದೆಯೇ ನೋಡಿ.

ಬಾಕಿ ಸಣ್ಣಪುಟ್ಟ ಕೆಲಸಗಳ ಪಟ್ಟಿಯನ್ನು ಗುತ್ತಿಗೆದಾರರ ಎದುರಿನಲ್ಲೇ ಮಾಡಿ, ಅವು ಮುಗಿದ ಮೇಲೆ "ಲೆಕ್ಕ ಚುಕ್ತಾ" ಎಂದು ಬರೆದು ಇಬ್ಬರೂ ಸಹಿ ಹಾಕಿ. ಉಳಿದ ಟೈಲ್ಸಿನಲ್ಲಿ ಒಂದು ಪೆಟ್ಟಿಗೆಯನ್ನು ಎತ್ತಿಡಿ, ಎರಡು ವರ್ಷದ ನಂತರ ಅದೇ ಬಣ್ಣದ್ದು ಸಿಗುವುದು ದುರ್ಲಭ.

ಮಾತು ಮುರಿದರೆ

ಮೊದಲು ಫೋಟೊ ಸಮೇತ ಸಂದೇಶ ಕಳಿಸಿ, ಇಂಥ ದಿನದೊಳಗೆ ಬಂದು ನೋಡಿ ಎಂದು ಕೇಳಿ. ಉತ್ತರ ಬಾರದಿದ್ದರೆ ಅದನ್ನೇ ಕಾಗದದಲ್ಲಿ ಬರೆದು, ತಲುಪಿದ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿಯೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳದೆ ನೀವೇ ವಾದಿಸಬಹುದು. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು, ದಿನಾಂಕಗಳನ್ನು ಬರೆದಿಡಿ ಎಂದು ಇಷ್ಟು ಸಲ ಹೇಳಿದ್ದು ಇದಕ್ಕಾಗಿಯೂ ಹೌದು. ಫೋಟೊ, ಸಂದೇಶಗಳನ್ನು ಸಾಕ್ಷ್ಯವಾಗಿ ಒಪ್ಪಿಸುವಾಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೈಲುಗಳನ್ನು ಅಳಿಸದೆ ಇಟ್ಟುಕೊಳ್ಳಿ.

ಮಳೆ ಬಂದ ಮೇಲೆ

ಕೆಲಸಗಾರರ ಪುಟ ಹಣ ಚುಕ್ತಾ ಆದ ದಿನಕ್ಕೆ ಮುಗಿಯುವುದಿಲ್ಲ. ಮೊದಲ ಜೋರು ಮಳೆ ಬಂದ ಮರುದಿನ ಮೂಲೆಮೂಲೆಗೂ ಟಾರ್ಚ್ ಹಿಡಿದು ನೋಡಿ ಬರೆಯಿರಿ, ಮುಂಗಾರಿನಲ್ಲೊಮ್ಮೆ, ಅಕ್ಟೋಬರಿನ ಹಿಂಗಾರಿನಲ್ಲೊಮ್ಮೆ. ತೊಂದರೆ ಕಂಡಾಗ ಎಲ್ಲರೂ ಬರೆಯುತ್ತಾರೆ, ಏನೂ ಆಗದಿದ್ದಾಗ ಬರೆಯಲು ಮರೆಯುತ್ತಾರೆ. ನನ್ನ ಪುಸ್ತಕದಲ್ಲಿ ಆ ಮೇಸ್ತ್ರಿಯವರ ಪುಟದ ಕೆಳಗೆ ಈಗ "ಜೋರು ಮಳೆ, ಸೋರಿಲ್ಲ" ಎಂಬ ಸಾಲು ಬೇರೆ ಬೇರೆ ದಿನಾಂಕಗಳೊಂದಿಗೆ ಮೂರು ಸಲ ಇದೆ. ಪಕ್ಕದ ಬೀದಿಯವರೊಬ್ಬರು ತಾರಸಿ ಕೆಲಸಕ್ಕೆ ಯಾರಾದರೂ ಇದ್ದಾರೆಯೇ ಎಂದು ಕೇಳಿಕೊಂಡು ಬಂದಾಗ ಆ ಪುಟವನ್ನೇ ತೆರೆದು ಅವರ ಮುಂದಿಟ್ಟೆ. ಅವರು ಅದನ್ನು ಓದಿ, ಮೇಸ್ತ್ರಿಯವರ ಫೋನ್ ಸಂಖ್ಯೆ ಬರೆದುಕೊಂಡು ಹೋದರು.